ಸ್ವೀಡನ್ನಿನ ಕುರಿಗಳು

ವಾದದಲ್ಲಿ ಗೆದ್ದು ರೂಢಿಯಾದವನಿಗೆ ಒಂದು ದೌರ್ಬಲ್ಯವಿರುತ್ತದೆ: ಎದುರಾಳಿ ಇಲ್ಲದ ಕಡೆಯೂ ಅವನು ಒಬ್ಬನನ್ನು ಹುಟ್ಟಿಸಿಕೊಳ್ಳುತ್ತಾನೆ. ಗೋಕಾಕದ ಕಾಲೇಜಿನಲ್ಲಿ ನಾನು ಗೆದ್ದ ಚರ್ಚಾಸ್ಪರ್ಧೆಯ ಕಪ್ಪಿನಲ್ಲಿ ನನ್ನ ಹೆಂಡತಿ ಈಗ ಚಮಚಗಳನ್ನು ನಿಲ್ಲಿಸಿದ್ದಾಳೆ. ಆದರೂ ನನ್ನ ಚಟ ಹೋಗಿಲ್ಲ.

ಮೂಡಲಗಿಯಲ್ಲಿ ಬಹುಕಾಲದಿಂದ ಬೀಗ ಬಿದ್ದಿದ್ದ ಚಿತ್ರಮಂದಿರವೊಂದನ್ನು ಹೆಣ್ಣುಮಕ್ಕಳ ವಾಚನಾಲಯವಾಗಿಸಬೇಕೆಂಬುದು ನನ್ನ ಕನಸಾಗಿತ್ತು. ಮಾಲೀಕರು ಒಪ್ಪಿದರು, ಕಪಾಟುಗಳು ಬಂದವು. ತಾಯಂದಿರು ಮಾತ್ರ ಒಪ್ಪಲಿಲ್ಲ. ಎಪ್ಪತ್ತರ ದಶಕದ ಕುಖ್ಯಾತ ಸ್ವೀಡಿಷ್ ಚಿತ್ರವೊಂದು, ವಯಸ್ಕರಿಗಷ್ಟೇ ಎಂಬ ಮುದ್ರೆ ಹೊತ್ತದ್ದು, ಹಿಂದೊಮ್ಮೆ ಅಲ್ಲಿ ಒಂದು ವಾರ ಓಡಿತ್ತಂತೆ. ಅಂದಿನಿಂದ ಮರ್ಯಾದಸ್ಥ ಮನೆಯ ಹೆಂಗಸರು ಆ ಮೆಟ್ಟಿಲು ಹತ್ತಿಲ್ಲವೆಂಬುದು ಊರಿನ ಹೆಮ್ಮೆ. ತಾಯಂದಿರು ಬೇಡವೆಂದರೆ ಕಟ್ಟಡ ಗೊಬ್ಬರದ ಗೋದಾಮಾಗುವುದು ಖಚಿತವಾಗಿತ್ತು.

ಹಾಗಾಗಿ ಸಭೆ ಕರೆದೆ. ಗೋಡೆಗಳಿಗೆ ಪಾಪವಿಲ್ಲವೆಂಬುದು ನನ್ನ ಪ್ರತಿಪಾದನೆ. ಆದರೆ ಪ್ರತಿಪಕ್ಷದ ಆರೋಪವನ್ನು ಮೊದಲು ಪೂರ್ಣವಾಗಿ ಮಂಡಿಸಿ, ಆಮೇಲೆ ಖಂಡಿಸಬೇಕೆಂಬ ಚರ್ಚೆಯ ನಿಯಮಕ್ಕೆ ನಿಷ್ಠನಾಗಿ, ಆ ಚಿತ್ರದ ದೋಷಗಳನ್ನು ಒಂದೊಂದಾಗಿ, ಸವಿಸ್ತಾರವಾಗಿ ವಿವರಿಸಿದೆ. ಖಂಡನೆಗೆ ಬರುವಷ್ಟರಲ್ಲಿ ಅರ್ಧ ಸಭೆ ಎದ್ದು ಚಪ್ಪಲಿ ಹುಡುಕುತ್ತಿತ್ತು.

ಆಗ ಹಿಂದಿನ ಸಾಲಿನಿಂದ ಎಲ್ಲವ್ವ ಆಯಿ ಎದ್ದರು. ಕುರಿ ಕಾಯುವ ಮನೆತನದ ಹಿರಿಯ ಜೀವ. ಅವರ ಮಾತನ್ನು ಓಣಿ ಮೀರುವುದಿಲ್ಲ.

"ಕುಂದರ್ರೆವ್ವಾ. ಆ ಸಿನಿಮಾ ನಾ ನೋಡೇನಿ."

ಚಪ್ಪಲಿ ಹುಡುಕುತ್ತಿದ್ದವರು ತಿರುಗಿ ನಿಂತರು.

"ಓಣ್ಯಾನ ನಾಕ ಮಂದಿ ಕೂಡಿ ಹೋಗಿದ್ವಿ. ಅದರಾಗ ಏನ್ ಇತ್ತಂತಿ? ಕುರಿ ಇದ್ದೂ. ಆಹಾ, ಮೈತುಂಬ ಉಣ್ಣೆ. ಒಬ್ಬಾಕಿ ಬಾಗಲಾ ತಗದ್ಲು, ಮುಚ್ಚಿದ್ಲು. ಒಳಗೇನಾತು ಅನ್ನೂದು ಕತ್ತರಿ ಹಾಕಿದವರಿಗೇ ಗೊತ್ತು. ಮತ್ತ ಕುರಿ ಬಂದೂ."

"ಮನ್ಯಾಗ ಏನ್ ಹೇಳಿ ಹೋಗಿದ್ದಿ, ಆಯಿ?" ಎಂದು ಯಾರೋ ಕೆಣಕಿದರು.

"ತವರಮನಿಗೆ ಅಂತ. ನಮ್ಮ ಮನಿಯವರು ಹುಕ್ಕೇರಿ ಸಂತಿಗೆ ಅಂತ ಹೇಳಿ ಹೋಗಿದ್ರು. ಟಾಕೀಜಿನ ಕತ್ತಲಾಗ ಗಂಡಸರ ಕಡೆಯಿಂದ ಅವರ ಕೆಮ್ಮು ಕೇಳಸ್ತು. ನಾನೂ ಕೆಮ್ಮಿದೆ. ಅವರು ಸಾಯೂತನಕಾ ಇಬ್ಬರೂ ಒಬ್ಬರನ್ನೊಬ್ಬರು ಕೇಳಲಿಲ್ಲ."

ನಗು ಇಡೀ ಸಭೆಯನ್ನು ಕುಲುಕಿತು. ನಗುವ ಭರದಲ್ಲಿ ಇನ್ನಿಬ್ಬರು ಅಜ್ಜಿಯರು, "ಕಪ್ಪ ಮುಖದ್ದೊಂದು ಟಗರೂ ಇತ್ತಲ್ಲ," ಎಂದು ಸಾಕ್ಷಿ ನುಡಿದೇಬಿಟ್ಟರು. ಎದ್ದವರು ಚಪ್ಪಲಿ ಬಿಟ್ಟು ಮತ್ತೆ ಕುಳಿತರು. "ನಾಳಿಂದ ನನ್ನ ಮಮ್ಮಗಳು ಓದಾಕ ಬರ್ತಾಳು," ಎಂದು ಆಯಿ ತೀರ್ಪು ಕೊಟ್ಟರು. ಬಳಿಕ ನನ್ನತ್ತ ತಿರುಗಿದರು. "ನೋಡಿದ ನನಗ ಬರೇ ಕುರಿ ನೆನಪ ಅದಾವು. ಇಷ್ಟೆಲ್ಲಾ ನೀ ಎಲ್ಲಿಂದ ತಂದಿ, ತಮ್ಮಾ?"

"ಅಧ್ಯಯನ ಮಾಡಿದ್ದೆ," ಎಂದೆ. ಮೊದಲ ಸಾಲಿನಲ್ಲಿದ್ದ ನನ್ನ ಹೆಂಡತಿ ತಲೆಯೆತ್ತಿ ನೋಡಿದಳು.

ವಾಚನಾಲಯದಲ್ಲಿ ಈಗ ಬೆಂಚುಗಳು ಸಾಲುತ್ತಿಲ್ಲ. ಒಳಗಿನ ಹುಡುಗಿಯರ ಪಿಸುಮಾತು ಕೇಳಿದಾಗಲೆಲ್ಲ ಸಮಾಜ ಸುಧಾರಿಸುತ್ತದೆಂಬ ನನ್ನ ನಂಬಿಕೆ ಗಟ್ಟಿಯಾಗುತ್ತದೆ. ಸುಧಾರಕನ ಸ್ಥಿತಿ ಬೇರೆ. ಮನೆಯಲ್ಲಿ ನಾನು ಮೊಬೈಲು ಹಿಡಿದು ಎಷ್ಟೇ ಗಂಭೀರವಾದ ಲೇಖನ ಓದುತ್ತ ಕುಳಿತರೂ ಅಡುಗೆಮನೆಯಿಂದ ದನಿ ಬರುತ್ತದೆ:

"ಕುರಿ ಎಲ್ಲಾ ಆರಾಮ ಅದಾವೇನ್ರಿ?"