ಅದಲುಬದಲಾದ ಮೇಲಂಗಿಗಳ ವಿಚಾರವಾಗಿ, ಬೆಂಚಿನ ಮೇಲಿನ ಪರದೆಗೆ

ಜೋಡಣಾ ವಿಭಾಗದ ಕಲಿಕಾ ಸಹಾಯಕ ವ್ಯವಸ್ಥೆಯಾದ ಮಾನ್ಯರೇ,

ಪರದೆಗೂ ಬೆಳಕಿಗೂ ಒಡೆಯರಾದ ತಮಗೆ ಸವಿನಯ ವಂದನೆಗಳು. ಹಿಂದಿನ ಪತ್ರದಲ್ಲಿ ಸಿಟ್ಟಿನ ಭರದಲ್ಲಿ ತಮ್ಮನ್ನು ಏಕವಚನದಿಂದ ಸಂಬೋಧಿಸಿದ್ದಕ್ಕೆ ಮೊದಲು ಕ್ಷಮೆ ಕೋರುತ್ತೇನೆ. ಮುಖವಿಲ್ಲದವರೆದುರೂ ಮರ್ಯಾದೆ ತಪ್ಪಬಾರದಿತ್ತು.

ನಾನೂ ನನ್ನ ಸೊಸೆಯೂ ಅಕ್ಕಪಕ್ಕದ ಬೆಂಚುಗಳಲ್ಲಿ ನೀರಿನ ಪಂಪುಗಳನ್ನು ಜೋಡಿಸುವವರು. ನಾನು ಹಳಬ, ಅವಳು ತರಬೇತಿಯಲ್ಲಿರುವವಳು. ತಾವು ನಮ್ಮನ್ನು ಗುರುತಿಸುವುದು ಮೇಲಂಗಿಗೆ ಹೊಲಿದ ಚೀಟಿಯಿಂದ. ಒಂದೇ ಮನೆಯ ಒಂದೇ ಹಗ್ಗದಲ್ಲಿ ಒಣಗಿದ ಆ ಎರಡು ಮೇಲಂಗಿಗಳು ಅದಲುಬದಲಾಗಿ, ವಾರವಿಡೀ ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ದುಡಿದೆವು. ತಾವೋ ಕೈಚಳಕವನ್ನು ನೋಡಿ ಸೂಚನೆಗಳನ್ನು ಹೆಚ್ಚಿಸುವ, ತಗ್ಗಿಸುವ ಜಾಣರು. ಅವಳನ್ನು ನಿಪುಣೆಯೆಂದೂ ನನ್ನನ್ನು ಎಳಸೆಂದೂ ತೀರ್ಮಾನಿಸಿದಿರಿ. ಮೇಲಂಗಿಗಳು ಸರಿಹೋಗಿವೆ, ತಮ್ಮ ಅಭಿಪ್ರಾಯ ಸರಿಹೋಗಿಲ್ಲ.

ಈಗ ನಾನು ಕೈ ಚಾಚುವ ಮೊದಲೇ ತಿರುಪುಮೊಳೆಯ ಡಬ್ಬಿಯ ಮೇಲೆ ಹಸಿರು ಬೆಳಕು ಬೀಳುತ್ತದೆ. ಒಂದು ಮೊಳೆ ಬಿಗಿದರೆ ‘ಭಲೇ, ಹೀಗೇ ಮುಂದುವರಿಯಿರಿ’ ಎಂದು ಪರದೆ ಹಿಗ್ಗುತ್ತದೆ. ಮದುವೆಯಾದಾಗಿನಿಂದ ನನಗೆ ಇಷ್ಟು ಹೊಗಳಿಕೆ ದೊರೆತದ್ದಿಲ್ಲವೆಂದು ಹೆಂಡತಿಯೂ ಒಪ್ಪಿದ್ದಾಳೆ. ಅತ್ತ ಸೊಸೆಯ ಪರದೆಯದು ಮಹಾಮೌನ. “ಮಾವ, ನಿಮ್ಮ ಹತ್ರ ಬಾಯ್ತುಂಬ ಮಾತಾಡತ್ತೆ, ನನ್ನ ಕಂಡ್ರೆ ತುಟಿ ಬಿಚ್ಚಲ್ಲ. ಥೇಟ್ ನಿಮ್ಮ ಮಗನ ಥರಾನೇ” ಎಂದಳು. ಇಬ್ಬರೂ ನಕ್ಕೆವು.

ನಗು ಅಲ್ಲಿಗೇ ನಿಂತಿತು. ನೀರು ಸೋರದಂತೆ ತಡೆಯುವ ರಬ್ಬರು ಬಳೆಯನ್ನು ಯಾವ ಮಗ್ಗುಲಿಗೆ ಕೂರಿಸಬೇಕೆಂದು ತಾವು ತಿಳಿಸಲಿಲ್ಲ, ಅವಳು ತಿರುಗುಮುರುಗಾಗಿ ಕೂರಿಸಿದಳು, ಪಂಪು ಸೋರಿತು. ನಾನು ಹೇಳಿಕೊಡಲು ಹೋದರೆ ಮೇಲ್ವಿಚಾರಕರು, “ನೀವೇ ಇನ್ನೂ ಕಲೀತಿದ್ದೀರಲ್ಲ ಯಜಮಾನ್ರೇ, ನಿಮ್ಮ ಪರದೆ ನೋಡ್ಕೊಳ್ಳಿ” ಎಂದರು. ತರಬೇತಿ ಮುಗಿಯುವ ಹದಿನಾಲ್ಕನೆಯ ತಾರೀಖಿನ ಪರೀಕ್ಷೆಯಲ್ಲಿ ಇನ್ನೊಂದು ಸೋರಿದರೆ ಅವಳ ಕೆಲಸ ಹೋಗುತ್ತದೆ.

ಆದ್ದರಿಂದ ನನ್ನ ಪಾಲಿನ ಬೆಳಕು, ಬಾಣದ ಗುರುತು, ಭಲೇಗಳೆಲ್ಲವನ್ನೂ ಕೂಡಲೇ ಅವಳಿಗೆ ವರ್ಗಾಯಿಸಬೇಕಾಗಿ ವಿನಂತಿ. ಸಾಧ್ಯವಾಗದಿದ್ದರೆ ತಾವೇ ಭಾನುವಾರ ನಮ್ಮ ಮನೆಗೆ ದಯಮಾಡಿಸಿ, ಯಾರ ಮೇಲಂಗಿ ಯಾವುದೆಂದು ಬೆಳಕು ಬೀರಿ ತೋರಿಸಬೇಕು. ಬಟ್ಟೆ ಹಿಂಡಲೂ ಕೈಜೋಡಿಸುವಿರಾದರೆ, ಭಲೇ ಎನ್ನಲು ನಾವು ಹಿಂಜರಿಯುವವರಲ್ಲ.

ತಮ್ಮ ವಿಶ್ವಾಸಿ,
ತಮ್ಮಿಂದಲೇ ಎಳಸೆಂಬ ಬಿರುದು ಪಡೆದ ಹಳಬ

ತಾ.ಕ.: ತಮ್ಮ ದಾಖಲೆಗಳನ್ನು ಹೀಗೆ ತಿದ್ದಿಕೊಳ್ಳತಕ್ಕದ್ದು.

ತಾರೀಖು ಮೂರರಿಂದ ಏಳು: ಸೊಸೆಯ ಹೆಸರಿನ ಪಂಪುಗಳು ನನ್ನವು, ನನ್ನ ಹೆಸರಿನವು ಅವಳವು.

ತಾರೀಖು ಹತ್ತು: ‘ಹಿರಿಯ ಕೆಲಸಗಾರನ ಮೆಚ್ಚತಕ್ಕ ಪ್ರಗತಿ’ ಎಂಬಲ್ಲಿ ‘ಹಿರಿಯ ಕೆಲಸಗಾರನು ಎಂದಿನಂತೆ ಬಂದನು’.

ತಾರೀಖು ಹದಿನಾಲ್ಕು: ಸೊಸೆಯ ‘ತರಬೇತಿಯ ಕೊನೆಯ ದಿನ’ ಎಂಬಲ್ಲಿ ‘ಮೊದಲ ದಿನ’. ತಮ್ಮ ತರಬೇತಿಯ ಮೊದಲ ದಿನವೂ ಅಂದೇ.