ಜಗಲಿಯ ಮಸೂದೆ

ಇವರು ಹೋಗುವ ಹಿಂದಿನ ದಿನ ನಾನು ಬೆಳಗಿನಿಂದ ಸಂಜೆಯವರೆಗೆ ಕೂರಲೇ ಇಲ್ಲ. ಕೂತಿದ್ದರೆ ನನ್ನ ಕೋಳಿಗಳಿಗೆ ಜಗಲಿ ತಪ್ಪಿಹೋಗುತ್ತಿತ್ತು. ಇದಕ್ಕೆಲ್ಲ ಕಾರಣ ಅಮೆರಿಕ.

ನನ್ನ ಗಂಡ ಚೆನ್ನಯ್ಯ ಸೋಮವಾರಪೇಟೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್, ಲೆಕ್ಕ ಬರೆಯುವ ಕೆಲಸ. ಮಡಿಕೇರಿಗೆ ಕಾನೂನು ಮಾಡುವ ಕೌನ್ಸಿಲ್ ಬಂದ ಹೊಸತರಲ್ಲಿ ಇವರಿಗೆ ಚುನಾವಣೆಗೆ ನಿಲ್ಲುವ ಆಸೆ ಹುಟ್ಟಿತು. ಓಟು ಹಾಕುವುದಕ್ಕೇ ಆಸ್ತಿ ಬೇಕು ಎಂದರಂತೆ. ನಮ್ಮ ಆಸ್ತಿ ಕೋಳಿಗಳು. (ಅವೂ ನನ್ನವು.) ಇವರು ಮುಖ ಸಣ್ಣದು ಮಾಡಿಕೊಂಡಿದ್ದ ಹೊತ್ತಿಗೆ ಎಸ್ಟೇಟಿನ ಬಿಳಿ ದೊರೆಯ ಬಂಗಲೆಗೆ ಅಮೆರಿಕದವರೊಬ್ಬರು ಬಂದು, ತಮ್ಮ ದೇಶದ ಸೆನೆಟ್ ಎಂಬ ಮಹಾಸಭೆಯ ಕಾನೂನನ್ನೆಲ್ಲ ಇವರ ಕಿವಿಗೆ ತುಂಬಿ ಹೋದರು.

"ಅಲ್ಲಿ ಆಸ್ತಿ ಕೇಳಲ್ಲ ಕಣೇ ಬೆಳ್ಳಿ. ಮೂವತ್ತು ವರ್ಷ ಆಗಿರ್ಬೇಕು, ಆ ಸೀಮೇಲೇ ವಾಸ ಇರ್ಬೇಕು."

"ನಂಗೂ ಮೂವತ್ತು ಆಯ್ತು. ವಾಸನೂ ಇಲ್ಲೇ. ಇನ್ನೆಲ್ಲಿಗೆ ಹೋಗ್ಲಿ?"

ಹೀಗೆ ನಾನೂ ಮನೆಯ ಮಹಾಸಭೆಯ ಸದಸ್ಯೆಯಾದೆ. ಅತ್ತೆ ಉಪಾಧ್ಯಕ್ಷೆ. ಅಲ್ಲಿಯ ಹಾಗೆಯೇ, ಓಟು ಸಮ ಬಿದ್ದರೆ ಮಾತ್ರ ಅವರ ಓಟು. ಇಬ್ಬರೇ ಇರುವ ಸಭೆಯಲ್ಲಿ ದಿನವೂ ಸಮವೇ ಬೀಳುತ್ತದೆ, ಅತ್ತೆ ದಿನವೂ ಮಗನ ಕಡೆಗೇ ಹಾಕುತ್ತಾರೆ. ಅಮೆರಿಕದ ಸೊಸೆಯಂದಿರ ಪಾಡು ಏನೋ.

ನನಗೆ ಉಳಿದದ್ದು ಒಂದೇ ಕಾನೂನು. ಎದ್ದು ನಿಂತು ಮಾತಾಡುವವರನ್ನು ಯಾರೂ ತಡೆಯುವಂತಿಲ್ಲ. ಮಾತು ಮುಗಿಯುವ ತನಕ ಓಟಿಲ್ಲ. ಕೂತರೆ ಮುಗಿಯಿತು.

ನಾನು ಕೂರದಿದ್ದ ಆ ದಿನ ಭಾನುವಾರ. ಕೋಳಿಗಳು ಜಗಲಿ ಹತ್ತಕೂಡದು ಎಂದು ಇವರು ಮಸೂದೆ ತಂದರು. (ಇವರ ಕುರ್ಚಿಯ ಮೇಲೆ ಒಂದು ಹೇಟೆ ಕೋಳಿ ಮಾಡಬಾರದ್ದು ಮಾಡಿತ್ತು. ಇವರು ನೋಡದೆ ಕೂತಿದ್ದರು.) ನಾನು ಎದ್ದು ನಿಂತೆ. ಆ ಹೇಟೆಯ ಅಜ್ಜಿಯಿಂದ ಶುರು ಮಾಡಿದೆ. ಕಾಡುಬೆಕ್ಕಿನ ಕಾಟ ಹೇಳಿದೆ. ರುಬ್ಬುವುದಕ್ಕೆ ಕೂರಬೇಕಾದ್ದರಿಂದ ಅಂದು ಸಾರಿಗೆ ಮಸಾಲೆ ಇರಲಿಲ್ಲ. ಗಂಜಿ ಬಸಿಯಲು ಮಾತ್ರ ಬಗ್ಗಿದೆ.

"ಅವ್ವಾ, ಇವಳು ಬಗ್ಗಿದ್ಲು. ಕೂತ ಹಾಗೇ ಲೆಕ್ಕ."

"ಬಗ್ಗದೆ ಗಂಜಿ ಯಾರು ಬಸೀತಾರೆ, ನೀನಾ?" ಎಂದರು ಉಪಾಧ್ಯಕ್ಷೆ. ಅವರಿಗೆ ಹಸಿವಾಗಿತ್ತು.

ಸಂಜೆಗೆ ನಾನು ಹೇಟೆಯ ಮೊಮ್ಮಕ್ಕಳ ತನಕ ಬಂದಿದ್ದೆ.

"ಕಾಲು ನೋಯಲ್ವೇನೇ?"

"ನೋಯ್ತದೆ. ಕಪ್ಪು ಹುಂಜದ ವಿಷಯ ಇನ್ನೂ ಇದೆ."

"ಕೂತ್ಕೋ ಮಾರಾಯ್ತಿ. ಸಭೆ ಮುಂದಕ್ಕೆ ಹಾಕಿದೀನಿ. ಓಟು ನಾಳೆ ಬೆಳಿಗ್ಗೆ."

ಆಮೇಲೆ ಹಂಡೆಯಿಂದ ಬಿಸಿನೀರು ತಂದು ನನ್ನ ಕಾಲ ಬಳಿ ಇಟ್ಟರು. ಅದು ಯಾವ ದೇಶದ ಕಾನೂನೋ, ನಾನು ಕೇಳಲಿಲ್ಲ.

ಬೆಳಿಗ್ಗೆ ಇವರು ಏಳಲಿಲ್ಲ. ನಿದ್ದೆಯಲ್ಲೇ ಎದೆಬಡಿತ ನಿಂತಿದೆ ಎಂದರು ಡಾಕ್ಟರು.

ತಿಥಿ ಕಳೆದ ಮೇಲೆ ಅತ್ತೆಯನ್ನು ಕೇಳಿದೆ, "ಕೋಳಿ ಏನ್ಮಾಡ್ಲಿ ಅತ್ತೆ?"

ಅವರು ಜಗಲಿಯ ಕಡೆ ನೋಡಿದರು. "ಇರೋದು ನಿಂದೊಂದೇ ಓಟು. ಇನ್ನು ಸಮ ಬೀಳಲ್ಲ, ನಂಗೆ ಹಾಕೋಕೆ ಓಟಿಲ್ಲ. ನೀ ಹೇಳಿದ್ದೇ ಕಾನೂನು."

ಅಂತೂ ಗೆದ್ದೆ. ಕೋಳಿಗಳಿಗೂ ಅದು ಗೊತ್ತಾದಂತಿದೆ. ಬೆಳಕು ಹರಿಯುವ ಮುಂಚೆಯೇ ಜಗಲಿ ಹತ್ತಿ ಇವರ ಕುರ್ಚಿಯ ಮೇಲೆ ಕೂತಿರುತ್ತವೆ. ದಿನಾ ಬೆಳಿಗ್ಗೆ ನಾನು ಪೊರಕೆ ಹಿಡಿದು ಅವನ್ನು ಕೆಳಗಿಳಿಸುತ್ತೇನೆ. ಆಮೇಲೆ ಕುರ್ಚಿ ಒರೆಸುತ್ತೇನೆ.