ನಮ್ಮ ಜೀಪಿಗೊಂದು ಗೇಣು

ಗೊತ್ತಿಲ್ಲದ ಕೆಲಸವನ್ನು ಮನೆಯಲ್ಲೇ ಮಾಡಿಕೊಳ್ಳುತ್ತೇನೆಂದು ಹೊರಡುವ ಚಪಲ ನನಗೆ ಯಾರಿಂದ ಅಂಟಿತೋ ದೇವರೇ ಬಲ್ಲ. ನಮ್ಮ ತಂದೆಯವರಿಗಂತೂ ಇರಲಿಲ್ಲ. ಗಡಿಯಾರ ನಿಂತರೆ ಅವರು ರಿಪೇರಿಯವನಿಗೆ ಕೊಟ್ಟು ಸುಮ್ಮನಾಗುತ್ತಿದ್ದರು. ನಾನು ನಡೆಯುತ್ತಿರುವ ಗಡಿಯಾರವನ್ನೂ ಬಿಚ್ಚಿ ನೋಡುತ್ತೇನೆ. ನಮ್ಮ ಅಡುಗೆಮನೆಯಲ್ಲಿ ಉಪ್ಪಿನಕಾಯಿ ಭರಣಿಯ ಪಕ್ಕ ಒಂದು ಗಾಜಿನ ಬಾಟಲಿಯಿದೆ. ನಾನು ಇದುವರೆಗೆ ಬಿಚ್ಚಿ ಮತ್ತೆ ಜೋಡಿಸಿದ ಸಾಮಾನುಗಳಲ್ಲಿ ಮಿಕ್ಕುಳಿದ ಸ್ಕ್ರೂಗಳೆಲ್ಲ ಅದರೊಳಗಿವೆ. ಮನೆಗೆ ಬಂದವರಿಗೆ ನನ್ನ ಹೆಂಡತಿ ನಾಗರತ್ನ ಕಾಫಿ ಕೊಟ್ಟ ಮೇಲೆ ಆ ಬಾಟಲಿಯನ್ನೂ ತೋರಿಸುತ್ತಾಳೆ. "ಇವ್ರು ಮಾಡಿರೋ ಆಸ್ತಿ" ಅನ್ನುತ್ತಾಳೆ.

ನಾನು ಹಿಂದೂಪುರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಡ್ರಾಯಿಂಗ್ ಮೇಷ್ಟ್ರಿಗೆ ಜೀಪೇಕೆ ಎಂದು ನೀವು ಕೇಳಬಹುದು. ನಾಗರತ್ನಳೂ ಕೇಳಿದ್ದಳು. ರಸ್ತೆ ಕಂಟ್ರಾಕ್ಟರೊಬ್ಬರು ಗುಜರಿಗೆ ಹಾಕಲು ಹೊರಟಿದ್ದ ಜೀಪು ಅದು. ಅದರ ಮುಖ ನೋಡಿ ಕರುಳು ಚುರ್ ಅಂದು ಮನೆಗೆ ತಂದುಬಿಟ್ಟೆ. ತಂದದ್ದೇ ಅಲ್ಲದೆ, ಹಿತ್ತಿಲಲ್ಲಿ ಅದಕ್ಕೊಂದು ಷೆಡ್ಡನ್ನೂ ಕಟ್ಟಿಸಿದೆ. ಜೀಪಿನ ಅಳತೆ ತೆಗೆದು, ದರ್ಜಿ ಅಂಗಿ ಹೊಲಿದಂತೆ, ಬಿಗಿಯೂ ಅಲ್ಲದೆ ಸಡಿಲವೂ ಅಲ್ಲದೆ ಕಟ್ಟಿಸಿದ ಷೆಡ್ಡು. ತಗಡಿನ ಸೂರು, ಕಲ್ಲಿನ ಗೋಡೆ, ಒಳಗೆ ಸಾಮಾನು ಇಡಲು ಸೊಂಟದೆತ್ತರದ ಕಟ್ಟೆ. ಅದರ ನಕ್ಷೆಯನ್ನು ನಾನೇ ಬರೆದಿದ್ದೆ. ನನ್ನ ಬದುಕಿನಲ್ಲಿ ಕಾಗದದಿಂದ ಎದ್ದು ನಿಂತ ಚಿತ್ರ ಅದೊಂದೇ.

ನಾಗರತ್ನಳಿಗೆ ಮಾತ್ರ ಆ ಜಾಗದಲ್ಲಿ ಎಮ್ಮೆ ಕಾಣುತ್ತಿತ್ತು. ನಮ್ಮ ಹಾಲಿನವನು ಹಾಕುತ್ತಿದ್ದ ಹಾಲಿನಲ್ಲಿ ಲೋಟದ ತಳ ಕಾಣುತ್ತಿತ್ತು. "ಒಂದು ಎಮ್ಮೆ ಕಟ್ಟೋಣ ಅಂದ್ರೆ ಜಾಗ ಇಲ್ಲ. ಹಾಲು ಕೊಡದಿರೋ ಈ ಕೋಣಂಗೆ ಮಾತ್ರ ಅರಮನೆ" ಎಂದು ಅವಳು ಜೀಪಿನ ಕಡೆ ತಿರುಗಿ ಹೇಳುತ್ತಿದ್ದಳು. ಕೋಣ ಎಂದದ್ದು ಜೀಪಿಗೇ ಎಂದು ನಾನು ನಂಬಿಕೊಂಡಿದ್ದೆ.

ಕಳೆದ ಯುಗಾದಿಗೆ ಹಿಂದಿನ ಯುಗಾದಿಯಲ್ಲಿ ನಡೆದದ್ದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ನನ್ನ ಅತ್ತೆಯ ಮನೆ ಇರುವುದು ಕಲ್ಯಾಣದುರ್ಗದಿಂದ ಬ್ರಹ್ಮಸಮುದ್ರದ ಕಡೆಗೆ ಹೋಗುವಾಗ ಸಿಗುವ ಒಂದು ಹಳ್ಳಿಯಲ್ಲಿ. ಟಾರು ರಸ್ತೆ ಬಿಟ್ಟ ಮೇಲೆ ಎರಡು ಮೈಲಿ ಬಂಡಿ ಜಾಡು. ಬಂಡಿಯ ಚಕ್ರಗಳು ಓಡಾಡಿ ಎರಡೂ ಕಡೆ ಆಳವಾಗಿ ತಗ್ಗಾಗಿ, ನಡುವೆ ದಿಣ್ಣೆ ಎದ್ದು ನಿಂತಿರುತ್ತದೆ. ಆ ಸಲ ಅತ್ತೆಯನ್ನು ಹಬ್ಬಕ್ಕೆ ಹಿಂದೂಪುರಕ್ಕೆ ಕರೆತರುತ್ತೇನೆಂದು ಜೀಪಿನಲ್ಲಿ ಕೂರಿಸಿಕೊಂಡು ಹೊರಟೆ. ನಾಗರತ್ನಳೂ ಜೊತೆಗಿದ್ದಳು. ಮಡಿಲಲ್ಲಿ ತುಪ್ಪದ ಗಡಿಗೆ ಇಟ್ಟುಕೊಂಡು ಅವರು ಸಲೀಸಾಗಿ ಹತ್ತಿ ಕೂತಿದ್ದರು. ಬರುವಾಗ ಹೇಗೋ ಉಜ್ಜಿಕೊಂಡು ದಾಟಿದ್ದ ಜೀಪು ಈಗ ಭಾರಕ್ಕೆ ತಗ್ಗಿತ್ತು. ಊರ ಬಾಗಿಲು ದಾಟಿಲ್ಲ, ಅದರ ಹೊಟ್ಟೆ ಆ ದಿಣ್ಣೆಯ ಮೇಲೆ ಕೂತುಬಿಟ್ಟಿತು. ನಾಲ್ಕು ಚಕ್ರವೂ ತಗ್ಗಿನಲ್ಲಿ ಸುಮ್ಮನೆ ತಿರುಗುತ್ತಿವೆ, ಗಾಡಿ ತಕ್ಕಡಿಯ ಹಾಗೆ ತೂಗುತ್ತಿದೆ, ಅತ್ತೆಯ ಸೀರೆಯೆಲ್ಲ ತುಪ್ಪ. ಕೊನೆಗೆ ನನ್ನ ಬಾಮೈದ ತಿಪ್ಪೇಸ್ವಾಮಿ ಎತ್ತು ಹೂಡಿಕೊಂಡು ಬಂದು, ನಮ್ಮನ್ನು ಜೀಪಿನ ಸಮೇತ ಹಿಂದಕ್ಕೆ ಎಳೆದುಕೊಂಡು ಹೋದ. ಊರಿಗೂರೇ ಸಾಲಾಗಿ ನಿಂತು ನೋಡಿತು. ಅತ್ತೆ ಇಳಿದವರೇ, "ಇನ್ನೊಂದ್ ಸಲಿ ಈ ಗಾಡೀಲಿ ಕೂತ್ರೆ ನಾನು ಲಕ್ಷ್ಮಕ್ಕನೇ ಅಲ್ಲ ಕಣಮ್ಮ" ಎಂದು ಮಗಳಿಗೆ ಹೇಳಿ ಒಳಗೆ ಹೋದರು. ನನಗೆ ಆದ ಅವಮಾನ ಹೇಳತೀರದು.

ಕಳೆದ ಯುಗಾದಿ ಹತ್ತಿರ ಬಂದಾಗ ನಾಗರತ್ನ ಷರತ್ತು ಹಾಕಿದಳು. "ನಮ್ಮಮ್ಮ ಈ ಜೀಪಲ್ಲಿ ಕೂತು ಈ ಮನೆ ಬಾಗ್ಲಿಗೆ ಬಂದ್ರೆ ಜೀಪು ಇರ್ಲಿ, ನಾನಿನ್ನು ಸೊಲ್ಲೆತ್ತಲ್ಲ. ಬರ್ಲಿಲ್ಲ ಅಂದ್ರೆ ಇದನ್ನ ಮಾರೋದು, ಷೆಡ್ಡಲ್ಲಿ ಎಮ್ಮೆ ಕಟ್ಟೋದು." ನಾನು ಒಪ್ಪಿದೆ. ಒಪ್ಪದೆ ಇರಲು ಧೈರ್ಯ ಬೇಕಾಗಿತ್ತು.

ಜೀಪಿನ ರೋಗ ಏನೆಂದು ನನಗೆ ಗೊತ್ತಿತ್ತು. ಅಚ್ಚಿಗೂ ಗಾಡಿಗೂ ನಡುವೆ ಬಿಲ್ಲಿನ ಹಾಗೆ ಬಾಗಿ ಕೂತಿರುವ ಕಬ್ಬಿಣದ ಪಟ್ಟಿಗಳ ಕಟ್ಟು ಇರುತ್ತದಲ್ಲ, ಲಾರಿಯವರು ಕಮಾನು ಪಟ್ಟಿ ಅನ್ನುತ್ತಾರೆ, ಅವು ಕಂಟ್ರಾಕ್ಟರ ಜಲ್ಲಿ ಹೊತ್ತು ಹೊತ್ತು ಚಪ್ಪಟೆಯಾಗಿದ್ದವು. ಪಟ್ಟಿ ಹೆಚ್ಚಿಗೆ ಸೇರಿಸಿ ಗಾಡಿಯನ್ನು ಎತ್ತರಿಸಿದರೆ ಹೊಟ್ಟೆ ದಿಣ್ಣೆಗೆ ತಾಗುವುದಿಲ್ಲ. ಎಷ್ಟು ಎತ್ತರಿಸಬೇಕು ಎಂದು ತಿಪ್ಪೇಸ್ವಾಮಿಗೆ ಕಾಗದ ಬರೆದೆ. ಕಾರ್ಡು ಬಂತು: "ಭಾವ, ದಿಣ್ಣೆ ಅಳೆದೆ. ಒಂದು ಗೇಣು ಎತ್ತಿದರೆ ಸಾಕು. ಎತ್ತುಗಳು ಕ್ಷೇಮ, ನಿಮ್ಮನ್ನು ನೆನೆಸುತ್ತಿವೆ." ಕೊನೆಯ ವಾಕ್ಯವನ್ನು ನಾನು ಗಣನೆಗೆ ತೆಗೆದುಕೊಳ್ಳಲಿಲ್ಲ.

ಕೂತು ನಕ್ಷೆ ಬರೆದೆ. ಅಂಥ ನಕ್ಷೆಯನ್ನು ನಾನು ಮತ್ತೆ ಬರೆಯಲಾರೆ. ಟೈರಿನ ಒಂದೊಂದು ಗೀರಿಗೂ ನೆರಳು ಕೊಟ್ಟಿದ್ದೆ, ಹಿಂದೆ ಎರಡು ಬೆಟ್ಟ, ಮೇಲೆ ಹಾರುವ ಹಕ್ಕಿ. ಅಚ್ಚಿಗೂ ಗಾಡಿಗೂ ನಡುವೆ ಒಂದು ಬಾಣ ಎಳೆದು ಪಕ್ಕದಲ್ಲಿ ದುಂಡಗೆ "ಒಂದು ಗೇಣು" ಎಂದು ಬರೆದೆ. ಬರೆಯುವಾಗ ನನ್ನ ಜೇಬಿನಲ್ಲಿ ಒಂದಡಿಯ ಸ್ಕೇಲು ಇತ್ತು ಎಂಬುದನ್ನು ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳೋಣ ಅನ್ನಿಸುತ್ತದೆ.

ಕೆಲಸಕ್ಕೆ ಪಕ್ಕದ ಬೀದಿಯ ಮಾಬು ಸಾಬರನ್ನು ಕರೆದೆ. ಅವರು ಲಾರಿಗಳ ಕಮಾನು ಪಟ್ಟಿ ಕಟ್ಟಿಯೇ ತಲೆ ಬೆಳ್ಳಗೆ ಮಾಡಿಕೊಂಡವರು. ಆಳು ಬಾಗಿಲಿಗೆ ಅಡ್ಡ ನಿಂತರೆ ಮನೆಯಲ್ಲಿ ಕತ್ತಲಾಗುತ್ತದೆ. ನಕ್ಷೆಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, "ಬೊಮ್ಮ ಚಾಲಾ ಬಾಗುಂದಿ ಸಾರ್, ಚಿತ್ರ ಭಾರಿ ಚೆನ್ನಾಗೈತೆ. ಕಟ್ಟು ಹಾಕ್ಸಿ ಗ್ವಾಡೆಗೆ ನೇತಾಕ್ರಿ" ಅಂದರು. ಆಮೇಲೆ ಬಾಣದ ಪಕ್ಕದ ಅಕ್ಷರ ಓದಿಸಿಕೊಂಡು, "ಒಂದ್ ಗೇಣಾ? ಅಷ್ಟ್ ಯಾಕ್ ಸಾರ್?" ಎಂದು ಕೇಳಿದರು. ಇಲ್ಲಿ ನಾನು ಎಚ್ಚೆತ್ತುಕೊಳ್ಳಬೇಕಾಗಿತ್ತು. ಬದಲಿಗೆ, "ನಮ್ಮ ಬಾಮೈದನೇ ಅಳೆದಿದ್ದಾನೆ, ಒಂದು ಕೂದಲೂ ಕಡಿಮೆಯಾಗಬಾರದು" ಅಂದೆ. "ನಮ್ದೇನೈತೆ ಸಾರ್, ನೀವು ಓದ್ದೋರು" ಎಂದು ಅವರು ತೋಳು ಏರಿಸಿದರು.

ಮೂರು ದಿನ ನಮ್ಮ ಅಂಗಳದ ಬೇವಿನ ಮರದ ಕೆಳಗೆ ಕೆಲಸ ನಡೆಯಿತು. ಬೇವಿನ ಕೊಂಬೆಗೆ ಸರಪಳಿ ಕಟ್ಟಿ ಜೀಪನ್ನು ನೇತುಹಾಕಿದೆವು. ಕೊಂಬೆ ನರಳಿದ್ದರಿಂದ ಆಸರೆಗೆ ನಾಗರತ್ನಳ ಒರಳುಕಲ್ಲನ್ನು ತಂದು ಜೀಪಿನಡಿಗೆ ಇಟ್ಟೆವು. ಮೂರು ದಿನವೂ ಮನೆಯಲ್ಲಿ ದೋಸೆಯಿಲ್ಲ, ಇಡ್ಲಿಯಿಲ್ಲ, ಚಟ್ನಿಯಿಲ್ಲ, ಮಾತೂ ಇಲ್ಲ. ನಮ್ಮ ಬೀದಿಗೆ ಆಗಿನ್ನೂ ಒಂದೇ ಒಂದು ಟಿವಿ ಬಂದಿತ್ತು. ಅದು ಭಾನುವಾರದ ಮನರಂಜನೆ, ಉಳಿದ ದಿನ ಜನ ನಮ್ಮ ಅಂಗಳಕ್ಕೇ ಬರುತ್ತಿದ್ದರು. ನಾನು ಸ್ಪ್ಯಾನರ್ ಹಿಡಿದು ಜೀಪಿನಡಿ ಮಲಗಿ ಒಂದು ಬೋಲ್ಟನ್ನು ಒಂದು ಬೆಳಗಿನಿಂದ ಮಧ್ಯಾಹ್ನದವರೆಗೆ ಬಿಗಿ ಮಾಡಿದೆ. ಮಾಬು ಸಾಬರು ಬಂದು ನೋಡಿ, ಅದು ಬಿಚ್ಚಬೇಕಾದ ಬೋಲ್ಟು ಎಂದು ಮೆಲ್ಲಗೆ ತಿಳಿಸಿದರು. ಆಮೇಲೆ ನನ್ನನ್ನು ಟೀ ತರಲು ಕಳಿಸುತ್ತಿದ್ದರು. ಆ ಮೂರು ದಿನದಲ್ಲಿ ನಾನು ತಂದಷ್ಟು ಟೀಯನ್ನು ಯಾವ ಹೋಟೆಲ್ ಮಾಣಿಯೂ ತಂದಿರಲಾರ.

ಅವರು ಹಳೆ ಲಾರಿಯ ಪಟ್ಟಿ ಕಡಿದು ಸೇರಿಸಿದರು, ಪಟ್ಟಿಗೂ ಅಚ್ಚಿಗೂ ನಡುವೆ ಕಬ್ಬಿಣದ ದಿಮ್ಮಿ ಕೂರಿಸಿದರು, ಬ್ರೇಕಿನ ಪೈಪು ಸಾಲದೆ ಉದ್ದದ್ದು ಹಾಕಿದರು. ಪ್ರತಿಯೊಂದು ಚಕ್ರದ ಹತ್ತಿರವೂ ಹೆಬ್ಬೆರಳು ಕಿರುಬೆರಳು ಅಗಲಿಸಿ ಅಳೆಯುತ್ತಿದ್ದರು. ಆ ಕೈಯನ್ನು ನಾನು ಸರಿಯಾಗಿ ನೋಡಿದ್ದು ಮೂರನೆಯ ದಿನ, ಜೀಪನ್ನು ಕೆಳಗಿಳಿಸಿದ ಮೇಲೆ. ಮೊರದಷ್ಟು ಅಗಲದ ಕೈ! ತಿಪ್ಪೇಸ್ವಾಮಿಯೋ, ಅಂಗಡಿಯಲ್ಲಿ ಹುಡುಗರ ಅಳತೆಯ ಚಪ್ಪಲಿ ಕೊಳ್ಳುವ ಆಳು, ಅವನ ಗೇಣು ಎಷ್ಟಿದ್ದೀತು? ಸರಪಳಿ ಬಿಚ್ಚಿದಾಗ ಜೀಪು ಕೊಕ್ಕರೆಯ ಹಾಗೆ ಕಾಲುದ್ದ ಮಾಡಿಕೊಂಡು ನಿಂತಿತ್ತು. ನಾನು ಬಗ್ಗದೆಯೇ ಆಚೆಮನೆಯವರ ತುಳಸಿಕಟ್ಟೆಯನ್ನು ಅದರ ಅಡಿಯಿಂದ ನೋಡಬಹುದಾಗಿತ್ತು ಎಂದರೆ ಸ್ವಲ್ಪ ಹೆಚ್ಚಾಯಿತು. ಸ್ವಲ್ಪ ಬಗ್ಗಬೇಕಾಗಿತ್ತು.

"ಗಾಡಿ ಸೀದಾ ಊರಿಗ್ ಓಡ್ಸಿ ಸಾರ್, ಪಟ್ಟಿ ಸೆಟ್ಟಾಯ್ತದೆ" ಅಂದರು ಮಾಬು ಸಾಬರು. ಹಾಗೆಯೇ ಬೇವಿನ ಮರದ ಕೆಳಗಿನಿಂದಲೇ ಹೊರಟೆ. ಮಡಕಶಿರಾ, ಪಾವಗಡ ದಾಟಿ ಕಲ್ಯಾಣದುರ್ಗ ಮುಟ್ಟುವ ಹೊತ್ತಿಗೆ ಪಟ್ಟಿ ಸೆಟ್ಟಾಯಿತೋ ಇಲ್ಲವೋ, ನನ್ನ ಬೆನ್ನುಮೂಳೆ ಸೆಟ್ಟಾಗಿತ್ತು. ಆದರೆ ಆ ಬಂಡಿ ಜಾಡು! ಅಯ್ಯೋ, ಆ ಸುಖವನ್ನು ಏನೆಂದು ಹೇಳಲಿ? ದಿಣ್ಣೆ ಬಂತು, ದಿಣ್ಣೆ ಹೋಯಿತು, ಜೀಪಿಗೆ ಗೊತ್ತೇ ಆಗಲಿಲ್ಲ. ಒಂದು ಕೋಳಿ ಮರಿಗಳ ಸಮೇತ ಅಡಿಯಲ್ಲಿ ಆ ಕಡೆಯಿಂದ ಈ ಕಡೆಗೆ ದಾಟಿತು. ಎತ್ತಿಗೆ ನೊಗ ಕಟ್ಟಿ ಸಿದ್ಧವಾಗಿ ನಿಂತಿದ್ದ ತಿಪ್ಪೇಸ್ವಾಮಿಯ ಮುಖ ಸಣ್ಣದಾಯಿತು. ನನಗೆ ಹಾಡಬೇಕು ಅನ್ನಿಸಿತು.

ಅತ್ತೆ ಹೊಸ್ತಿಲ ಮೇಲೆ ನಿಂತು ನೋಡಿದರು. "ಇದೇನ್ ಅಳಿಯಂದ್ರೆ, ಗಾಡಿ ಹಿಂಗ್ ಬೆಳ್ದುಬುಟ್ಟೈತೆ? ಇದುಕ್ಕೇನ್ ಹಾಕುದ್ರಿ?" ದಿಣ್ಣೆಗೆ ತಾಗದ್ದನ್ನು ಕಣ್ಣಾರೆ ಕಂಡಿದ್ದರಿಂದ ಅವರ ಹಟ ಸಡಿಲವಾಗಿತ್ತು. "ಆಯ್ತು, ಮಗಳು ಕಾಯ್ತಾ ಅವ್ಳೆ, ಬತ್ತೀನಿ" ಎಂದು ಗಂಟು ಹಿಡಿದು ಬಂದರು. ಬಂದವರು ಜೀಪಿನ ಮೆಟ್ಟಿಲನ್ನು ನೋಡಿದರು. ಅದು ಅವರ ಎದೆಮಟ್ಟದಲ್ಲಿತ್ತು. "ನಾನೇನ್ ಅಟ್ಟ ಹತ್ಬೇಕೇನಪ್ಪಾ?" ಅಂದರು.

ಮಣೆ ತಂದೆವು, ಸಾಲಲಿಲ್ಲ. ಮಣೆಯ ಮೇಲೆ ಮಣೆ ಇಟ್ಟೆವು, ಅದು ಅಲುಗಾಡಿತು. "ನನ್ ಬೆನ್ನ್ ಮ್ಯಾಲೆ ಕಾಲಿಡವ್ವಾ" ಎಂದು ತಿಪ್ಪೇಸ್ವಾಮಿ ಬಗ್ಗಿದ. ಅವನ ಬೆನ್ನು ಮಣೆಗಿಂತ ಹೆಚ್ಚು ಅಲುಗಾಡಿತು. ನನಗೆ ಕಣ್ಣೆದುರಿಗೆ ಎಮ್ಮೆ ಬಂದು ನಿಂತಂತಾಯಿತು. ಆಗ ಅತ್ತೆಯೇ, "ಲೋ ತಿಪ್ಪಾ, ಬಂಡಿ ಹೊಡ್ಕೊಂಡ್ ಬಾರ್ಲಾ" ಅಂದರು. ಬಂಡಿ ಬಂತು. ಹೋದ ಸಲ ನಮ್ಮನ್ನು ಎಳೆದಿದ್ದ ಅವೇ ಎತ್ತುಗಳು, ಅದೇ ನೋಟ. ಬಂಡಿಯನ್ನು ಜೀಪಿಗೆ ತಾಗಿಸಿ ನಿಲ್ಲಿಸಿದರು. ಅತ್ತೆ ಹಿಂದಿನಿಂದ ಬಂಡಿ ಹತ್ತಿ, ಬಂಡಿಯಿಂದ ಮನೆಯ ಹೊಸ್ತಿಲು ದಾಟಿದ ಹಾಗೆ ಜೀಪಿನೊಳಗೆ ಕಾಲಿಟ್ಟು ಕೂತರು. "ಭಾವ, ಇನ್ ಮ್ಯಾಕೆ ನೀವು ಎಲ್ಲಿಗ್ ಹೋದ್ರೂ ಜತೇಲೊಂದು ಬಂಡಿ ಇಟ್ಕಳಿ" ಅಂದ ತಿಪ್ಪೇಸ್ವಾಮಿ. ಊರು ನಕ್ಕಿತು. ನಾನೂ ನಕ್ಕೆ. ಅತ್ತೆ ಕೂತಾಗಿತ್ತು, ನನಗಷ್ಟು ಸಾಕಾಗಿತ್ತು.

ಹಿಂದೂಪುರಕ್ಕೆ ಬಂದು ಮನೆಯ ಬಾಗಿಲಲ್ಲಿ ಹಾರನ್ ಹೊಡೆದೆ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು. ನಾಗರತ್ನ ಓಡಿ ಬಂದು, ತಲೆಯೆತ್ತಿ ಅಮ್ಮನನ್ನು ನೋಡಿ, ನನ್ನ ಕಡೆ ತಿರುಗಿ, "ನೀವು ಗೆದ್ರಿ" ಅಂದಳು. ಹದಿಮೂರು ವರ್ಷದ ಸಂಸಾರದಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು.

ಇನ್ನು ಅತ್ತೆಯನ್ನು ಇಳಿಸಬೇಕು. ಇಲ್ಲಿ ಬಂಡಿಯಿಲ್ಲ. ನನ್ನ ತಲೆ ಓಡಿತು: ಷೆಡ್ಡಿನೊಳಗೆ ಸೊಂಟದೆತ್ತರದ ಕಟ್ಟೆ ಇದೆಯಲ್ಲ! ಅದಕ್ಕೆ ತಾಗಿಸಿ ನಿಲ್ಲಿಸಿದರೆ ಅತ್ತೆ ಮಹಾರಾಣಿಯ ಹಾಗೆ ಇಳಿಯಬಹುದು. "ಗಟ್ಟಿಯಾಗಿ ಕೂತ್ಕೊಳ್ಳಿ ಅತ್ತೆ" ಎಂದು ಹುಮ್ಮಸ್ಸಿನಿಂದ ಷೆಡ್ಡಿನ ಕಡೆ ಬಿಟ್ಟೆ.

ಧಡ್!

ಜೀಪಿನ ಟಾಪು ಬಾಗಿಲ ತೊಲೆಗೆ ಹೊಡೆದು ನಿಂತಿತು. ನಾನು ಹಿಂದಕ್ಕೆ ತೆಗೆದು ಮತ್ತೆ ಮೆಲ್ಲಗೆ ಹೋದೆ. ಮೆಲ್ಲಗೆ ಹೊಡೆಯಿತು. ದರ್ಜಿ ಹೊಲಿದ ಅಂಗಿ, ಮಗ ಒಂದು ಗೇಣು ಬೆಳೆದಿದ್ದಾನೆ, ಅದೂ ಮಾಬು ಸಾಬರ ಗೇಣು. ನಾನು ಎಂಜಿನ್ ಆಫ್ ಮಾಡಿದೆ. ಎತ್ತರದಲ್ಲಿ ಕೂತಿದ್ದ ಅತ್ತೆ ಸ್ವಲ್ಪ ಬಗ್ಗಿ ಷೆಡ್ಡಿನೊಳಗನ್ನು ಒಂದು ಸುತ್ತು ನೋಡಿದರು.

"ನಾಗೂ, ಎಷ್ಟ್ ತಂಪಾಗೈತೆ ಕಣೇ ಒಳಗೆ. ಈ ಕಟ್ಟೆ ಮ್ಯಾಲೆ ಹಿಂಡಿ, ಬೂಸಾ ಇಡಬೋದು. ಎಮ್ಮೆ ಕಟ್ಟಕ್ಕೆ ಹೇಳಿ ಮಾಡ್ಸಿದಂಗೈತೆ. ಇಷ್ಟ್ ದಿನ ಯಾಕ್ ಸುಮ್ಕೆ ಬಿಟ್ಟಿದ್ರಿ?"

ನಾಗರತ್ನ ನನ್ನ ಮುಖ ನೋಡಿದಳು. "ಮಾತಂದ್ರೆ ಮಾತು. ಜೀಪು ನಿಮ್ದೇ, ಮಾರೋದು ಬೇಡ. ಷೆಡ್ಡು ಹೆಂಗಿದ್ರೂ ಖಾಲಿ ಬಿತ್ತಲ್ಲ" ಅಂದಳು. ಆಮೇಲೆ ಒರಳುಕಲ್ಲಿನ ಮೇಲೆ ನನ್ನ ಎರಡು ಡ್ರಾಯಿಂಗ್ ಬೋರ್ಡುಗಳನ್ನು ಜೋಡಿಸಿ ಅಮ್ಮನನ್ನು ಇಳಿಸಿಕೊಂಡಳು.

ಮುಂದಿನ ವಾರ ಗೋರಂಟ್ಲದ ಕಡೆಯಿಂದ ಎಮ್ಮೆ ಬಂತು. ತೊಲೆಗೆ ತಾಗದೆ, ಒಂದೇ ಸಲಕ್ಕೆ ಸಲೀಸಾಗಿ ಒಳಗೆ ಹೋಯಿತು. ನಾನು ಮಾಬು ಸಾಬರ ಹತ್ತಿರ ಓಡಿ ಜೀಪನ್ನು ಇಳಿಸಿಕೊಡಿ ಎಂದು ಬೇಡಿಕೊಂಡೆ. "ಇಳ್ಸಣ ಸಾರ್, ಎಷ್ಟು?" ಅಂದರು. "ಒಂದು ಗೇಣು" ಅಂದೆ. ಅವರು ತಮ್ಮ ಕೈಯನ್ನೊಮ್ಮೆ, ನನ್ನ ಕೈಯನ್ನೊಮ್ಮೆ ನೋಡಿ, "ಯಾರ್ದು ಸಾರ್?" ಎಂದು ಕೇಳಿದರು. ನನ್ನ ಕೈಯನ್ನು ಜೇಬಿಗೆ ಹಾಕಿಕೊಂಡು ವಾಪಸ್ಸು ಬಂದೆ. ಇಳಿಸಿದರೂ ನಿಲ್ಲಿಸುವುದೆಲ್ಲಿ?

ಈಗ ಎಮ್ಮೆ ನನ್ನ ನಕ್ಷೆಯ ಷೆಡ್ಡಿನಲ್ಲಿ ಮಲಗಿ ಮೆಲುಕು ಹಾಕುತ್ತದೆ. ಜೀಪು ಬೇವಿನ ಮರದ ಕೆಳಗೆ ಕಾಗೆಗಳಿಂದ ಸೇವೆ ಮಾಡಿಸಿಕೊಳ್ಳುತ್ತದೆ. ಮಧ್ಯಾಹ್ನದ ಬಿಸಿಲಿಗೆ ಹೊರಗೆ ಬಿಟ್ಟರೆ ಎಮ್ಮೆ ನೇರವಾಗಿ ಹೋಗಿ ಜೀಪಿನ ಅಡಿಗೆ ಅರ್ಧ ಮೈ ತೂರಿಸಿ ನೆರಳಲ್ಲಿ ಬಿದ್ದುಕೊಳ್ಳುತ್ತದೆ, ಅದಕ್ಕೆಂದೇ ಎತ್ತರಿಸಿದ ಹಾಗೆ. ಇದನ್ನು ಬರೆಯುವಾಗ ನಾಗರತ್ನ ಕಾಫಿ ತಂದಿಟ್ಟಳು. ಗಟ್ಟಿ ಹಾಲು, ಮೇಲೆ ಕೆನೆ, ಲೋಟದ ತಳ ಕಾಣುವ ಮಾತೇ ಇಲ್ಲ. ಇಷ್ಟು ಒಳ್ಳೆಯ ಕಾಫಿಯನ್ನು ಇಷ್ಟೊಂದು ಹೊಟ್ಟೆಯುರಿಯಿಂದ ಕುಡಿಯುವವನು ಇಡೀ ಹಿಂದೂಪುರದಲ್ಲಿ ನಾನೊಬ್ಬನೇ ಇರಬೇಕು. "ಹೆಂಗಿದೆ?" ಎಂದು ಕೇಳಿದಳು. ಇನ್ನೊಂದು ಲೋಟ ಕೊಡು ಅಂದೆ.